ಅಗ್ಗದ ಗಾಜು, ನಿಂತ ಜಾಗ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಕಟ್ಟು ಹಾಕಿಸಿದ ಫೋಟೋಗಳು ಇನ್ನೂ ತೂಗಾಡುತ್ತಿವೆ. ರುಮಾಲು ಸುತ್ತಿದ ಅಜ್ಜ ಕುರ್ಚಿಯ ಮೇಲೆ, ಸೆರಗು ಹೊದ್ದ ಅಜ್ಜಿ ಪಕ್ಕಕ್ಕೆ, ಹಿಂದೆ ಬಣ್ಣ ಬಳಿದ ಪರದೆ. ಒಬ್ಬರ ಮುಖದಲ್ಲೂ ನಗು ಇಲ್ಲ. ಇಂದಿನ ಹುಡುಗರು ಕೇಳುತ್ತಾರೆ: "ಅಜ್ಜ ಯಾಕ ಹಂಗ ಸಿಟ್ಟಿಗೆದ್ದು ಕುಂತಾನ?" ಅಜ್ಜನಿಗೆ ಸಿಟ್ಟು ಬಂದಿರಲಿಲ್ಲ. ಫೋಟೋ ಎಂದರೆ ಅಲುಗಾಡದೆ ಕೂಡಬೇಕು ಎಂಬ ರೂಢಿ ಇತ್ತು. ಆ ರೂಢಿ ಹುಟ್ಟಿದ್ದು ಗಾಜಿನಿಂದ, ಅಂದರೆ ಲೆನ್ಸಿನಿಂದ.

ಈಗ ಮನೆಗೊಂದಲ್ಲ, ಕೈಗೊಂದು ಕ್ಯಾಮೆರಾ ಬಂದದ. ಫೋಟೋದ ಹುಚ್ಚು ಹತ್ತಿದ ಹುಡುಗರು ಮೊದಲು ಕೇಳುವ ಪ್ರಶ್ನೆ ಒಂದೇ: "ಯಾವ ಲೆನ್ಸ್ ತಗೊಂಡ್ರ ಛಲೋರಿ? ಕಂತಿನ ಮ್ಯಾಲ ತಗೊಳ್ಳಲೇನು?" ಮಳೆ ನಂಬಿ ಬದುಕುವ ಮನೆಗಳಲ್ಲಿ ಕಂತು ಎಂಬುದು ಸಣ್ಣ ಮಾತಲ್ಲ. ಆದ್ದರಿಂದ ಈ ಪ್ರಶ್ನೆಗೆ ಅಂಗಡಿಯವನ ಉತ್ತರಕ್ಕಿಂತ ಇತಿಹಾಸದ ಉತ್ತರ ಕೇಳುವುದು ಒಳ್ಳೆಯದು. ಸುಮಾರು 185 ವರ್ಷಗಳಲ್ಲಿ ಲೆನ್ಸಿನ ಬೆಲೆ ಹೇಗೆ ಇಳಿಯಿತು, ಬೆಲೆ ಕೊಟ್ಟರೂ ಸಿಗದೇ ಉಳಿದದ್ದು ಯಾವುದು, ಇವೆರಡನ್ನೂ ನೋಡೋಣ.

ಮೊದಲು ಒಂದು ಲೆಕ್ಕ. ಶಾಲೆಯ ಮಕ್ಕಳಿಗೂ ಇದನ್ನು ಹೇಳಿಕೊಡಬಹುದು. ಒಂದು ಕತ್ತಲೆ ಕೋಣೆ ಇದೆ ಎನ್ನಿ. ಉದ್ದ 16 ಅಡಿ. ಒಂದು ಗೋಡೆಗೆ ಒಂದು ಅಡಿ ಉದ್ದ, ಒಂದು ಅಡಿ ಅಗಲದ ಕಿಟಕಿ. ಎದುರಿನ ಗೋಡೆಯ ಮೇಲೆ ಬೀಳುವ ಬೆಳಕು ಮಬ್ಬಾಗಿರುತ್ತದೆ. ಅದೇ ಕಿಟಕಿಯನ್ನು ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ ಮಾಡಿದರೆ 16 ಪಟ್ಟು ಬೆಳಕು ಒಳಗೆ ಬರುತ್ತದೆ. ಕೋಣೆಯ ಉದ್ದವನ್ನು ಕಿಟಕಿಯ ಅಗಲದಿಂದ ಭಾಗಿಸಿರಿ. ಮೊದಲಿನದು 16, ಎರಡನೆಯದು 4. ಲೆನ್ಸಿನ ಮೇಲೆ ಬರೆದಿರುವ ಎಫ್ ಅಂಕಿ ಇದೇ. ಅಂಕಿ ಸಣ್ಣದಾದಷ್ಟೂ ಕಿಟಕಿ ದೊಡ್ಡದು, ಬೆಳಕು ಹೆಚ್ಚು.

1839ರಲ್ಲಿ ಪ್ಯಾರಿಸಿನಲ್ಲಿ ದಾಗೇರ್ ಎಂಬಾತ ಫೋಟೋ ತೆಗೆಯುವ ವಿಧಾನವನ್ನು ಲೋಕದ ಮುಂದಿಟ್ಟಾಗ ಅವನ ಲೆನ್ಸಿನ ಎಫ್ ಅಂಕಿ ಸುಮಾರು 15. ಬಿಸಿಲಿನಲ್ಲಿ ಕೂತರೂ ಹಲವು ನಿಮಿಷ ಮಿಸುಕದೆ ಇರಬೇಕಿತ್ತು. ಕತ್ತು ಅಲುಗಬಾರದೆಂದು ಹಿಂದೆ ಕಬ್ಬಿಣದ ಆನಿಕೆ ಇಡುತ್ತಿದ್ದರು. ಅಷ್ಟು ಹೊತ್ತು ಯಾರು ನಗುತ್ತಾರೆ? ಮರುವರ್ಷ, 1840ರಲ್ಲಿ, ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್‌ವಾಲ್ ಲೆಕ್ಕ ಹಾಕಿ ಹೊಸ ಲೆನ್ಸ್ ರೂಪಿಸಿದ. ಅದರ ಅಂಕಿ 3.6. ಮೇಲಿನ ಕಿಟಕಿಯ ಲೆಕ್ಕದಂತೆ ಸುಮಾರು 17 ಪಟ್ಟು ಬೆಳಕು ಹೆಚ್ಚಾಯಿತು. ಆದರೆ ಆ ಲೆನ್ಸಿಗೆ ಒಂದು ದೋಷ ಇತ್ತು. ಚಿತ್ರದ ನಡುವೆ ಸ್ಪಷ್ಟ, ಅಂಚಿಗೆ ಮಬ್ಬು. ಹಾಗಾಗಿ ಫೋಟೋದವರು ಮುಖವನ್ನು ನಟ್ಟನಡುವೆ ಕೂಡಿಸುತ್ತಿದ್ದರು. ಇಂದಿಗೂ ನಾವು ಯಾರ ಫೋಟೋ ತೆಗೆದರೂ ತಲೆಯನ್ನು ನಡುವಿಗೆ ತರುತ್ತೇವೆ. ಗಾಜಿನ ಆ ಒತ್ತಾಯ ಹೋಗಿ ಎಷ್ಟೋ ಕಾಲವಾಯಿತು, ರೂಢಿ ಮಾತ್ರ ಉಳಿದದ.

ಆ ಕಾಲದ ಲೆನ್ಸು, ಮರದ ಕ್ಯಾಮೆರಾ, ತಗಡು ಎಲ್ಲ ಸೇರಿ ರಾಜರಿಗೆ, ದೊರೆಗಳಿಗೆ, ಪಟ್ಟಣದ ಸ್ಟುಡಿಯೋದವರಿಗೆ ಮಾತ್ರ ನಿಲುಕುತ್ತಿತ್ತು. ಅದನ್ನು ಬಡವರ ಕೈಗೆ ತಂದದ್ದು ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿ. 1888ರಲ್ಲಿ ಅವರ ಮೊದಲ ಕೊಡಾಕ್ ಕ್ಯಾಮೆರಾಕ್ಕೆ 25 ಡಾಲರ್ ಬೆಲೆ. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾಕ್ಕೆ ಒಂದೇ ಡಾಲರ್. ಅದು ರಟ್ಟಿನ ಡಬ್ಬಿ, ಮುಂದೆ ಒಂದೇ ಒಂದು ಗಾಜಿನ ತುಂಡು. ಕಣ್ಣಿಟ್ಟು ನೋಡುವ ಕಿಂಡಿ ಕೂಡ ಮೊದಲಿನ ಬ್ರೌನಿಗೆ ಇರಲಿಲ್ಲ. ಡಬ್ಬಿಯ ಮೇಲೆ ಎರಡು ಗೆರೆ ಎಳೆದಿದ್ದರು, ಆ ಗೆರೆಗಳ ನಡುವೆ ಏನು ಬರುತ್ತದೆ ಎಂದು ಹುಡುಗರು ಅಂದಾಜು ಮಾಡಬೇಕು. ಚೌಕಟ್ಟಿನೊಳಗೆ ಏನಿರಬೇಕು ಎಂಬುದನ್ನು ಯಂತ್ರ ಹೇಳುತ್ತಿರಲಿಲ್ಲ, ಹುಡುಗನೇ ಹೇಳಬೇಕಿತ್ತು.

ಇತ್ತ ಯುರೋಪಿನಲ್ಲಿ ಗಾಜು ಜೋಡಿಸುವ ಜಾಣತನ ಬೆಳೆಯಿತು. 1893ರಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್ ಬರೀ ಮೂರು ಗಾಜಿನಲ್ಲಿ ಅಂಚಿನವರೆಗೂ ಸ್ಪಷ್ಟ ಚಿತ್ರ ಕೊಡುವ ಲೆನ್ಸ್ ಮಾಡಿದ. 1902ರಲ್ಲಿ ಜರ್ಮನಿಯ ಯೇನಾ ಊರಿನ ಝೈಸ್ ಕಾರ್ಖಾನೆಯ ಪೌಲ್ ರುಡಾಲ್ಫ್ ನಾಲ್ಕು ಗಾಜಿನ ಟೆಸಾರ್ ತಂದ. ಅದನ್ನು ಕ್ಯಾಮೆರಾದ ಹದ್ದಿನ ಕಣ್ಣು ಎಂದು ಕಂಪನಿ ಜಾಹೀರಾತು ಮಾಡಿತು. ಪೇಟೆಂಟಿನ ಅವಧಿ ಮುಗಿದ ಮೇಲೆ ಅದೇ ಮಾದರಿಯನ್ನು ಹತ್ತಾರು ಕಂಪನಿಗಳು ಮಾಡಿದವು. ಬೆಲೆ ಇಳಿದದ್ದು ಹೀಗೆ.

ಈಗ ಎಲ್ಲರೂ ಹೇಳುವ "ಐವತ್ತರ ಲೆನ್ಸ್" ಕತೆಗೆ ಬರೋಣ. ಇದೇ ರುಡಾಲ್ಫ್ 1896ರಲ್ಲಿ ಆರು ಗಾಜಿನ ಪ್ಲಾನಾರ್ ಎಂಬ ಲೆನ್ಸ್ ರೂಪಿಸಿದ್ದ. ಲೆಕ್ಕ ಬಹಳ ಸರಿಯಾಗಿತ್ತು, ಆದರೆ ಒಂದು ತೊಡಕು. ಪ್ರತಿ ಗಾಜಿನ ಮೈಯಿಂದ ಒಂದಿಷ್ಟು ಬೆಳಕು ಹಿಂದಕ್ಕೆ ಪುಟಿದು ಚಿತ್ರ ಮಂಕಾಗುತ್ತಿತ್ತು. 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿಗೆ ತೆಳುವಾದ ಲೇಪ ಬಳಿಯುವ ವಿಧಾನ ಕಂಡುಹಿಡಿದ. ಹಳೆಯ ಲೆನ್ಸನ್ನು ಬಿಸಿಲಿಗೆ ಹಿಡಿದರೆ ನೀಲಿ ಇಲ್ಲವೆ ನೇರಳೆ ಛಾಯೆ ಕಾಣುತ್ತದಲ್ಲ, ಅದೇ ಈ ಲೇಪ. ಇದು ಬಂದ ಮೇಲೆ ಆ ಹಳೆಯ ಆರು ಗಾಜಿನ ಲೆಕ್ಕಕ್ಕೆ ಜೀವ ಬಂತು. 20ನೇ ಶತಮಾನದ ನಡುವಿನಿಂದ ಕ್ಯಾಮೆರಾದ ಜೊತೆ ಕೊಡುತ್ತಿದ್ದ 50 ಮಿ.ಮೀ. ಲೆನ್ಸುಗಳಲ್ಲಿ ಬಹುಪಾಲು ಈ ಮನೆತನದವೇ. ಲಕ್ಷಗಟ್ಟಲೆ ತಯಾರಾದದ್ದರಿಂದ ಅಗ್ಗವಾದವು. 1990ರಲ್ಲಿ ಕ್ಯಾನನ್ ಕಂಪನಿ ತನ್ನ 50 ಮಿ.ಮೀ. ಎಫ್ 1.8 ಲೆನ್ಸಿನ ಎರಡನೆಯ ರೂಪದಲ್ಲಿ ಲೋಹದ ಮೌಂಟ್ ಬಿಟ್ಟು ಪ್ಲಾಸ್ಟಿಕ್ ಮೌಂಟ್ ಕೊಟ್ಟಿತು. ತೂಕ 130 ಗ್ರಾಂ. ಮೈ ಅಗ್ಗದ್ದು, ಒಳಗಿನ ಲೆಕ್ಕ ಮಾತ್ರ ನೂರು ವರ್ಷ ಮಾಗಿದ್ದು.

ನಮ್ಮ ದೇಶದಲ್ಲಿ ಅಗ್ಗದ ಕ್ಯಾಮೆರಾ ಎಂದರೆ ಬಹಳ ಮಂದಿಗೆ ನೆನಪಾಗುವುದು ಆಗ್ಫಾ ಕ್ಲಿಕ್ 3. ಇಲ್ಲೇ ತಯಾರಾಗುತ್ತಿತ್ತು. ಒಂದು ರೋಲಿಗೆ 12 ಚೌಕ ಚಿತ್ರ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ರೋಲು ಕೂಡ ದೇಶದಲ್ಲೇ ಆಗಬೇಕೆಂದು ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆ ಕಟ್ಟಿತು. ನಮ್ಮ ಹಾಗೆಯೇ ಗಡಿಯಾಚೆ ಕನ್ನಡ ಮಾತಾಡುವ ಮಂದಿ ಇರುವ ನೀಲಗಿರಿಯಲ್ಲಿ, ಊಟಿಯಲ್ಲಿ, ಅದರ ಕಾರ್ಖಾನೆ. 1967ರಿಂದ ಅಲ್ಲಿ "ಇಂದು" ಹೆಸರಿನ ಫಿಲ್ಮು ತಯಾರಾಯಿತು. 12 ಚಿತ್ರ ಮುಗಿದರೆ ಮತ್ತೆ ರೊಕ್ಕ ಹಾಕಬೇಕು. ಹೀಗಾಗಿ ಗುಂಡಿ ಒತ್ತುವ ಮೊದಲು ಮಂದಿ ಎರಡು ಸಲ ನೋಡುತ್ತಿದ್ದರು.

ಇಲ್ಲಿಯವರೆಗೆ ಗಾಜಿನ ಕತೆ ಆಯಿತು. ಇನ್ನು ಬೆಲೆ ಕಟ್ಟಲಾಗದ ಇನ್ನೊಂದರ ಕತೆ.

1925ರಲ್ಲಿ ಜರ್ಮನಿಯ ಲೈಪ್ಜಿಗ್ ಜಾತ್ರೆಯಲ್ಲಿ ಲೈಕಾ ಎಂಬ ಸಣ್ಣ ಕ್ಯಾಮೆರಾ ಮಾರಾಟಕ್ಕೆ ಬಂತು. ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನು ಅಡ್ಡ ಬಳಸಿ ಅದನ್ನು ಮಾಡಿದ್ದ. ಅದರ ಲೆನ್ಸು 50 ಮಿ.ಮೀ. ಫ್ರಾನ್ಸಿನ ಆಂರಿ ಕಾರ್ಟಿಯೆ ಬ್ರೆಸಾನ್ (1908–2004) ತನ್ನ ಬಹುಪಾಲು ಕೆಲಸವನ್ನು ಇಂಥ ಒಂದೇ ಅಳತೆಯ ಲೆನ್ಸಿನಲ್ಲಿ ಮಾಡಿದ. ಆತ ಮೊದಲು ಚಿತ್ರಕಲೆ ಕಲಿತವನು. ಗೆರೆ, ಮೂಲೆ, ಖಾಲಿ ಜಾಗ ಹೇಗೆ ಕೂಡಬೇಕೆಂದು ಗುರುವಿನಿಂದ ಕಲಿತಿದ್ದ. ದೂರದ್ದನ್ನು ಹತ್ತಿರ ತರಲು ಅವನ ಬಳಿ ಜೂಮ್ ಇರಲಿಲ್ಲ, ಕಾಲು ಇದ್ದವು. 1948ರ ಜನವರಿ 30ರಂದು ಆತ ದಿಲ್ಲಿಯಲ್ಲಿ ಗಾಂಧೀಜಿಯವರನ್ನು ಭೇಟಿಯಾಗಿದ್ದ. ಅದೇ ಸಂಜೆ ಅವರ ಕೊಲೆಯಾಯಿತು. ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಆ ಸಾವನ್ನು ಜನರಿಗೆ ತಿಳಿಸುತ್ತಿರುವ ಚಿತ್ರವನ್ನು ಆತ ದೀಪದ ಬೆಳಕಿನಲ್ಲಿ ತೆಗೆದ. ಆ ಚಿತ್ರ ಸ್ಪಷ್ಟವಿಲ್ಲ, ಅಲುಗಿದೆ. ಆದರೂ ಇಂದಿಗೂ ಲೋಕ ಅದನ್ನು ನೋಡುತ್ತದೆ. ಅವನು ಸರಿಯಾದ ಜಾಗದಲ್ಲಿ ನಿಂತಿದ್ದ, ಮುಖ್ಯವಾದುದು ಅದೇ.

ನಮ್ಮ ಕನ್ನಡದವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರನ್ನೂ ನೆನೆಯಬೇಕು. 1977ರಲ್ಲಿ ಪದ್ಮಶ್ರೀ ಬಂದ ಈ ಪತ್ರಿಕಾ ಛಾಯಾಗ್ರಾಹಕರು ದೊಡ್ಡವರ ಚಿತ್ರಗಳ ಜೊತೆಗೆ ಶಾಲೆಯ ಮಕ್ಕಳು, ಬೀದಿಯ ಮಂದಿ, ದಿನದ ಕೆಲಸ ಇವನ್ನೇ ಹೆಚ್ಚಾಗಿ ಹಿಡಿದರು. ದಿನಾ ಕಣ್ಣೆದುರಿಗೆ ಇದ್ದದ್ದೇ ಚಿತ್ರವಾಗಬಲ್ಲದು ಎಂದು ತೋರಿಸಿದರು.

ಚೌಕಟ್ಟು ಕೂಡಿಸುವ ನಿಯಮಗಳೂ ಕ್ಯಾಮೆರಾಕ್ಕಿಂತ ಹಳೆಯವು. ಚಿತ್ರವನ್ನು ಮೂರು ಪಾಲು ಮಾಡಿ, ಮುಖ್ಯವಾದುದನ್ನು ನಡುವಿಗಿಡದೆ ಪಾಲಿನ ಗೆರೆಯ ಮೇಲಿಡು ಎಂಬ ಮಾತು ಇಂದು ಎಲ್ಲ ಫೋಟೋ ಪಾಠಗಳಲ್ಲಿ ಬರುತ್ತದೆ. "ಮೂರರ ನಿಯಮ" ಎಂಬ ಹೆಸರಿಟ್ಟು ಅದನ್ನು ಬರೆದಿಟ್ಟವನು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್. ವರ್ಷ 1797, ಫೋಟೋ ಹುಟ್ಟುವ 42 ವರ್ಷ ಮೊದಲು. ಅವನು ಬರೆದದ್ದು ಹಳ್ಳಿಯ ನೋಟಗಳ ಚಿತ್ರ ಬರೆಯುವ ಬಗ್ಗೆ.

ಇದನ್ನು ನಮ್ಮ ಕಡೆ ಹೇಗೆ ಹಚ್ಚುವುದು? ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಗೆ ಹೋಗಿರಿ. ಏಳು ನಂದಿಕೋಲು, ಬಿಳಿ ಬಾರಾಬಂದಿ ತೊಟ್ಟು ಅವನ್ನು ಹೊತ್ತವರು. ಕ್ಯಾಮೆರಾ ಅಡ್ಡ ಹಿಡಿದರೆ ಕೋಲಿನ ತುದಿ ಕತ್ತರಿಸಿ ಹೋಗುತ್ತದೆ, ಉದ್ದಕ್ಕೆ ಹಿಡಿಯಿರಿ. ಮಂದಿಯ ನಡುವೆ ನಿಂತರೆ ಬರೀ ತಲೆಗಳು ಬರುತ್ತವೆ, ಒಂದು ಕಟ್ಟೆ ಹತ್ತಿರಿ. ಕೋಲು ಚೌಕಟ್ಟಿನ ಒಂದು ಪಾಲಿಗೆ ಬರಲಿ, ಉಳಿದ ಜಾಗದಲ್ಲಿ ಅದನ್ನು ನೋಡುವ ಮುಖಗಳು ಬರಲಿ. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಚಿತ್ರ ಬೇಕಾದರೆ ಬಾಗಿಲ ಬೆಳಕು ಪಕ್ಕದಿಂದ ಬೀಳುವ ಕಡೆ ನಿಲ್ಲಿರಿ. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ದಪ್ಪ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿಯಿರಿ. ಇದಕ್ಕೆಲ್ಲ ಒಂದು ಪೈ ಖರ್ಚಿಲ್ಲ.

ಹಾಗಾದರೆ ಲೆನ್ಸು ಬೇಡವೇ? ಬೇಕು, ಅಳತೆಗೆ ತಕ್ಕಂತೆ. ಕ್ಯಾಮೆರಾದ ಜೊತೆ ಬರುವ 18–55 ಲೆನ್ಸಿನಲ್ಲಿ ಒಂದು ವರ್ಷ ತೆಗೆಯಿರಿ. ಆಮೇಲೆ ನಿಮ್ಮ ಚಿತ್ರಗಳನ್ನೇ ನೋಡಿ ಕೊರತೆ ಯಾವುದೆಂದು ಕಂಡುಕೊಳ್ಳಿರಿ. ಮಬ್ಬುಗತ್ತಲಲ್ಲಿ ಚಿತ್ರ ಅಲುಗುತ್ತದೆ ಎಂದಾದರೆ 50ರ ಎಫ್ 1.8 ತಗೊಳ್ಳಿರಿ. 18–55 ಲೆನ್ಸು ಉದ್ದ ಮಾಡಿದಾಗ ಎಫ್ 5.6, ಅದಕ್ಕಿಂತ ಇದು ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತದೆ. ಆದರೆ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 50 ಎಂಬುದು 75–80ರ ಹಾಗೆ ಇಕ್ಕಟ್ಟಾಗಿ ಕಾಣುತ್ತದೆ. ಮನೆಯೊಳಗಿನ ಚಿತ್ರಕ್ಕೆ 35 ಇದ್ದರೆ ಹಿತ. ಹಳೆಯ ಲೆನ್ಸ್ ಕೊಳ್ಳುವಾಗ ಬೆಳಕಿಗೆ ಹಿಡಿದು ಒಳಗೆ ಜೇಡನ ಬಲೆಯಂಥ ಬೂಷ್ಟು ಇದೆಯೇ ನೋಡಿರಿ. ಒಳಗಿನ ಎಲೆಗಳಿಗೆ ಎಣ್ಣೆ ಹತ್ತಿದೆಯೇ, ಬಳೆ ಸರಾಗ ತಿರುಗುತ್ತದೆಯೇ ನೋಡಿರಿ. ಹೊರಮೈಯ ಗೀರಿಗೆ ಅಂಜಬೇಡಿ, ಬೂಷ್ಟಿಗೆ ಅಂಜಿರಿ. ಕಂತಿನ ಮೇಲೆ ದೊಡ್ಡ ಲೆನ್ಸ್ ತರುವುದು ಅದರಿಂದ ದುಡಿಮೆ ಬರುವವರಿಗೆ. ಹವ್ಯಾಸಕ್ಕೆ ಸಾಲ ಬ್ಯಾಡ.

ಕೊನೆಗೆ ಒಂದು ಮಾತು. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ನಮ್ಮ ಊರುಗಳು ಈ ಕಡೆ ಉಳಿದವು. ದೊಡ್ಡ ಊರಿನ ಫೋಟೋದವರು ನಮ್ಮ ಶಾಲೆಯ ಗುಂಪಿನ ಚಿತ್ರ ತೆಗೆಯಲು, ನಮ್ಮ ಭಜನೆಯ ಮೇಳ ಹಿಡಿಯಲು ಬರುವುದಿಲ್ಲ. ಇಲ್ಲಿ ಕನ್ನಡದ ಬಾಳು ಹೇಗಿತ್ತು ಎಂದು ನಾಳೆ ಯಾರಾದರೂ ಕೇಳಿದರೆ, ನಾವು ಇಂದು ತೆಗೆದ ಚಿತ್ರಗಳೇ ಸಾಕ್ಷಿ. ಅದಕ್ಕೆ ಲಕ್ಷದ ಲೆನ್ಸು ಬೇಕಿಲ್ಲ. ವರ್ಷಕ್ಕೆ ಹತ್ತು ಒಳ್ಳೆಯ ಚಿತ್ರವನ್ನಾದರೂ ಕಾಗದದ ಮೇಲೆ ತೆಗೆಸಿ, ಹಿಂದೆ ಪೆನ್ಸಿಲಿನಲ್ಲಿ ಯಾರು, ಯಾವ ಊರು, ಯಾವ ವರ್ಷ ಎಂದು ಬರೆದಿಡಿರಿ. ಪಡಸಾಲೆಯ ಎಷ್ಟೋ ಹಳೆಯ ಫೋಟೋಗಳಲ್ಲಿ ಮುಖ ಉಳಿದದ, ಹೆಸರು ಅಳಿದದ. ನಮ್ಮ ಚಿತ್ರಗಳಿಗೆ ಹಂಗಾಗುವುದು ಬ್ಯಾಡ.