ಎದೆಹಾಲು, ಡಬ್ಬಿ ಹಾಲು: ಬೆಲಾರೂಸ್ ಪ್ರಯೋಗ ಹೇಳುವುದೇನು?

ಎದೆಹಾಲಿನ ಪರವಾಗಿ ಉಲ್ಲೇಖಿಸುವ ಬಹುಪಾಲು ಅಧ್ಯಯನಗಳಿಗೆ ಒಂದೇ ತೊಡಕು. ಎದೆಹಾಲು ಕೊಟ್ಟವರ ಮತ್ತು ಡಬ್ಬಿ ಹಾಲು ಕೊಟ್ಟವರ ಓದು, ಆದಾಯ, ಆರೋಗ್ಯ, ಸಿಕ್ಕ ಹೆರಿಗೆ ರಜೆ ಒಂದೇ ಆಗಿರುವುದಿಲ್ಲ. ಮಗುವಿನಲ್ಲಿ ಕಂಡ ವ್ಯತ್ಯಾಸ ಹಾಲಿನದೋ ಮನೆಯದೋ ಎಂದು ಬಿಡಿಸುವುದು ಕಷ್ಟ. ಯಾವ ಮಗುವಿಗೆ ಯಾವ ಹಾಲು ಎಂದು ಚೀಟಿ ಎತ್ತಿ ನಿರ್ಧರಿಸುವುದಂತೂ ಸಲ್ಲದ ಮಾತು.

ಕೆನಡಾದ ಮೈಕೇಲ್ ಕ್ರಾಮರ್ ಮತ್ತು ಸಂಗಡಿಗರು ಬೆಲಾರೂಸ್‌ನಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಅವರು ಚೀಟಿ ಎತ್ತಿದ್ದು ತಾಯಂದಿರಿಗಲ್ಲ, ಆಸ್ಪತ್ರೆಗಳಿಗೆ. ಒಟ್ಟು 31 ಹೆರಿಗೆ ಆಸ್ಪತ್ರೆಗಳಲ್ಲಿ ಕೆಲವು ಎದೆಹಾಲಿಗೆ ಉತ್ತೇಜನ ಕೊಡುವ ಹೊಸ ಕ್ರಮವನ್ನು ಅನುಸರಿಸಿದವು, ಉಳಿದವು ಹಳೆಯ ರೂಢಿಯಲ್ಲೇ ನಡೆದವು. 1996-97ರಲ್ಲಿ ಸೇರಿಸಿಕೊಂಡ ತಾಯಿ-ಮಗು ಜೋಡಿಗಳು 17,046. ಮೂರನೆಯ ತಿಂಗಳಲ್ಲಿ ಎದೆಹಾಲನ್ನಷ್ಟೇ ಕುಡಿಯುತ್ತಿದ್ದ ಮಕ್ಕಳು ಹೊಸ ಕ್ರಮದ ಗುಂಪಿನಲ್ಲಿ ಶೇ. 43.3, ಇನ್ನೊಂದರಲ್ಲಿ ಶೇ. 6.4. ಮೊದಲ ವರ್ಷದಲ್ಲಿ ಜಠರ-ಕರುಳಿನ ಸೋಂಕು ಕ್ರಮವಾಗಿ ಶೇ. 9.1 ಮತ್ತು 13.2. ಚರ್ಮದ ಇಸಬೂ ಕಡಿಮೆಯಾಗಿತ್ತು, ಉಸಿರಾಟದ ಸೋಂಕಿನಲ್ಲಿ ಮಾತ್ರ ಗಣನೀಯ ಅಂತರ ಕಾಣಲಿಲ್ಲ.

ಈ ಅಂಕಿಗಳನ್ನು ‘ಎದೆಹಾಲು ಎದುರು ಡಬ್ಬಿ ಹಾಲು’ ಎಂದು ಓದುವವರೇ ಹೆಚ್ಚು. ಆದರೆ ಎರಡೂ ಗುಂಪಿನ ತಾಯಂದಿರು ಎದೆಹಾಲು ಕೊಡಲು ಶುರುಮಾಡಿದ್ದವರೇ. ಹೋಲಿಕೆ ನಡೆದದ್ದು ಉತ್ತೇಜನ ಸಿಕ್ಕ ಗುಂಪಿಗೂ ಸಿಗದ ಗುಂಪಿಗೂ. ಉತ್ತೇಜನ ಸಿಕ್ಕರೂ ಮೂರು ತಿಂಗಳೊಳಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬೇರೆ ಏನಾದರೂ ಕೊಡಲಾಗಿತ್ತು. ಹಾಗಾಗಿ ಹಾಲಿನ ನಿಜವಾದ ಪರಿಣಾಮ ಇಲ್ಲಿ ಕಂಡದ್ದಕ್ಕಿಂತ ದೊಡ್ಡದಿರುವ ಸಾಧ್ಯತೆಯೂ ಉಂಟು. ಬುದ್ಧಿಮತ್ತೆಯ ವಿಚಾರದಲ್ಲಿ ನನ್ನ ಅನುಮಾನ ಇನ್ನೊಂದು ಬಗೆಯದು. ಆರೂವರೆ ವರ್ಷದಲ್ಲಿ ಭಾಷಾ ಸಾಮರ್ಥ್ಯದ ಅಂಕ 7.5ರಷ್ಟು ಮೇಲಿತ್ತು, ನಿಜ. ಅಂಕ ಕೊಟ್ಟ ವೈದ್ಯರಿಗೆ ಮಗು ಯಾವ ಗುಂಪಿನದೆಂದು ಗೊತ್ತಿತ್ತು. ಹದಿನಾರರ ಹೊತ್ತಿಗೆ ಉಳಿದದ್ದು ಸಣ್ಣ ಅಂತರ.

ಅಮೆರಿಕದಲ್ಲಿ 2014ರಲ್ಲಿ ಕೋಲೆನ್ ಮತ್ತು ರೇಮಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ, ದೀರ್ಘಕಾಲದ್ದೆನ್ನುವ ಬಹುತೇಕ ಲಾಭಗಳು ಮಾಯವಾದವು. ಅವರು ನೋಡಿದ್ದು 4ರಿಂದ 14 ವರ್ಷದವರನ್ನು. ಹಸುಗೂಸಿನ ಭೇದಿಯ ಲೆಕ್ಕ ಅಲ್ಲಿಲ್ಲ. ನೀರು ಕುದಿಸುವ ಅನುಕೂಲ, ಬಾಟಲಿಯ ಶುಚಿ ಮನೆಯಿಂದ ಮನೆಗೆ ಬದಲಾಗುವ ನಮ್ಮಲ್ಲಿ ಮುಖ್ಯವಾದದ್ದು ಆ ಲೆಕ್ಕವೇ. ಪುಡಿಯೂ ಸಂಪೂರ್ಣ ಕ್ರಿಮಿರಹಿತವಲ್ಲ. ಕನಿಷ್ಠ 70 ಡಿಗ್ರಿ ಬಿಸಿಯ ನೀರಿನಲ್ಲಿ ಕಲಸಿ, ಆರಿಸಿ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ.

ನಮ್ಮ ಅಂಕಿಯನ್ನೂ ಇಷ್ಟೇ ಎಚ್ಚರದಿಂದ ಓದಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳೊಳಗಿನ ಶೇ. 63.7 ಮಕ್ಕಳು ಎದೆಹಾಲನ್ನಷ್ಟೇ ಕುಡಿಯುತ್ತಿದ್ದರು. ಅಷ್ಟು ತಾಯಂದಿರು ಆರು ತಿಂಗಳು ಪೂರೈಸಿದರು ಎಂದು ಇದರ ಅರ್ಥವಲ್ಲ. ಸಮೀಕ್ಷೆ ಕೇಳುವುದು ಹಿಂದಿನ ಒಂದು ಹಗಲು-ರಾತ್ರಿಯ ಆಹಾರವನ್ನು. ಒಂದು ತಿಂಗಳ ಕೂಸೂ ಐದು ತಿಂಗಳ ಮಗುವೂ ಆ ಒಂದೇ ಅಂಕಿಯಲ್ಲಿ ಸೇರಿಕೊಂಡಿವೆ.