ಕಿರಿಸೊಸೆಯ ಲೆಕ್ಕ: ಕೆರೆಕತೆಗಳ ಕ್ರೌರ್ಯ ಮತ್ತು ಮರುನಿರೂಪಣೆ

ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೆದ್ದಾರಿ ಹಿಡಿದರೆ ಸಿಗುವ ಆನಗೋಡಿನ ಸುತ್ತಲಿನದು ಮಳೆಯ ಮುಖ ನೋಡಿ ಬದುಕಿದ ಸೀಮೆ. ಕಟ್ಟಿಸಿದ ಕೆರೆಗೆ ನೀರು ಬಾರದಿದ್ದರೆ ಏನು ಕೊಡಬೇಕು ಎಂಬುದು ಇಂಥ ಕಡೆ ಕತೆಗಾರರ ತಲೆಯಲ್ಲಿ ಹುಟ್ಟಿದ ಪ್ರಶ್ನೆಯಲ್ಲ, ಊರಿನ ಹೆದರಿಕೆ. 'ಕೆರೆಗೆ ಹಾರ' ಆ ಹೆದರಿಕೆಯ ಹಾಡು. ಹಳೆಯ ಕತೆಗೆ ಕತ್ತಲು ಬೆರೆಸಿ ಹೇಳುವುದು ಈಚಿನವರ ಜಾಣತನವೆಂದುಕೊಂಡವರು ಇದನ್ನೊಮ್ಮೆ ಕೇಳಬೇಕು.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರಿಲ್ಲ. ಹಾರ, ಎಂದರೆ ಬಲಿ, ಕೊಡಬೇಕೆಂದಾಗ ಹಿರಿಸೊಸೆಯ ಹೆಸರು ಬರುತ್ತದೆ, ಆದರೆ ಅವಳು ಹೋದರೆ ಮನೆಯ ಹಿರಿತನಕ್ಕೆ ಯಾರು? ಕಿರಿಯವಳು ಭಾಗೀರಥಿ ಆಗಬಹುದು. ಇಷ್ಟೇ ಲೆಕ್ಕ. ಯಾರೂ ಕೂಗಾಡುವುದಿಲ್ಲ, ಯಾರೂ ರಾಕ್ಷಸರಲ್ಲ. ನನಗೆ ಮೈ ಜುಮ್ಮೆನ್ನುವುದು ಇಲ್ಲಿ, ಮುಂದಿನ ಸಾವಿನಲ್ಲಲ್ಲ. ತವರಿಗೆ ಹೋದ ಭಾಗೀರಥಿ ಹೆತ್ತವರಿಗೆ ಹೇಳುವುದು, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದಷ್ಟೇ. ನಿಜ ಬಾಯಿಬಿಡುವುದು ಗೆಳತಿಯ ಮುಂದೆ. ಆ ಗೆಳತಿಯೂ ಒಪ್ಪಿಕೋ ಎನ್ನುತ್ತಾಳೆ! ಗಂಗೆಯ ಪೂಜೆ ಮುಗಿದ ಮೇಲೆ ಮರೆತು ಬಂದ ಬಂಗಾರದ ಬಟ್ಟಲು ತರಲು ಅವಳೊಬ್ಬಳನ್ನೇ ಹಿಂದಕ್ಕೆ ಕಳಿಸುತ್ತಾರೆ. ಅವಳು ಒಂದೊಂದೇ ಮೆಟ್ಟಿಲು ಏರುತ್ತಾಳೆ, ನೀರೂ ಅವಳ ಜೊತೆ ಏರುತ್ತದೆ. ಹಾಡಿನ ಧಾಟಿ ಮಾತ್ರ ಬದಲಾಗುವುದಿಲ್ಲ. ಆಘಾತವನ್ನು ಇಷ್ಟು ತಣ್ಣಗೆ ಇಡಬಲ್ಲ ತಂತ್ರ ಹೊಸಬರಲ್ಲಿ ಅಪರೂಪ.

ಬರಗೂರು ರಾಮಚಂದ್ರಪ್ಪನವರು 2012ರಲ್ಲಿ ಇದೇ ಕತೆಯನ್ನು 'ಭಾಗೀರಥಿ' ಚಿತ್ರವಾಗಿಸಿದರು. ಆದರೆ ಹಾಡಿನಲ್ಲಿ ಒಂದು ಸಾಲಿನಲ್ಲಿ ಮುಗಿಯುವ ತೀರ್ಮಾನಕ್ಕೆ ತೆರೆಯ ಮೇಲೆ ಮುಖಗಳು ಬೇಕಾಗುತ್ತವೆ, ಮುಖ ಬಂದೊಡನೆ ಪ್ರೇಕ್ಷಕ ಖಳನನ್ನು ಹುಡುಕತೊಡಗುತ್ತಾನೆ. ಎ. ಕೆ. ರಾಮಾನುಜನ್ ಸಂಗ್ರಹಿಸಿದ, ಹುಡುಗಿ ಹೂವಿನ ಮರವಾಗುವ ಕತೆಯಲ್ಲೂ ಕೈಕಾಲಿಲ್ಲದ ಮುಂಡವಾಗಿ ಬಿದ್ದವಳನ್ನು ನೋಡಬೇಕಾಗುತ್ತದೆ. ಅವಳ ಕೊಂಬೆ ಮುರಿದದ್ದು ದೆವ್ವವಲ್ಲ, ನಾದಿನಿ. ಆ ಕತೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂಬ ಹಿಂದಿ ಚಿತ್ರ ಮಾಡಿದರು, 2006ರಲ್ಲಿ ಜಾನ್ ಆಡಮ್ಸ್ ವಿಯೆನ್ನಾದಲ್ಲಿ ಒಪೆರಾ ಮಾಡಿದರು.

ಕತ್ತಲು ಬೆರೆಸುವವರಿಗಿಂತ ಅದನ್ನು ತೊಳೆಯುವವರ ಕೆಲಸವೇ ನನಗೆ ಹೆಚ್ಚು ಅನುಮಾನದ್ದು. ಗ್ರಿಮ್ ಸೋದರರ 1812ರ ಮೊದಲ ಆವೃತ್ತಿಯಲ್ಲಿ ಹಿಮಶ್ವೇತೆಯನ್ನು (ಸ್ನೋ ವೈಟ್) ಕೊಲ್ಲಹೊರಟವಳು ಹೆತ್ತ ತಾಯಿ. 1819ಕ್ಕೆ ಅವಳು ಮಲತಾಯಿ. ಹೆತ್ತವಳ ಮೇಲಿನ ನಂಬಿಕೆ ಉಳಿಯಿತು, ಕತೆಯ ಕಸುವು ಹೋಯಿತು.

ಈ ತೊಳೆಯುವ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಜೋಡಿ ಇದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆಯೆಂದು ಸುತ್ತಲಿನವರು ಹೆಮ್ಮೆಪಡುವ ಕೆರೆ. ಕತೆಯ ಪ್ರಕಾರ ಸ್ವರ್ಗಾವತಿಯ ಅರಸ ವಿಕ್ರಮರಾಯನ ಮಗಳು ಶಾಂತವ್ವ ಸಿದ್ಧೇಶ್ವರನನ್ನು ಮೆಚ್ಚಿದಳು. ಅಪ್ಪ ಸೂಳೆ ಎಂದು ಬೈದ. ಪಾಪ ಕಳೆಯಲು ಕೆರೆ ಕಟ್ಟಿಸಹೊರಟಳು. ನೆಲ ವೇಶ್ಯೆಯರದು. ಕೊಡುತ್ತೇವೆ, ಕೆರೆಗೆ ನಮ್ಮ ಹೆಸರೇ ಇರಬೇಕು ಎಂದರು, ಅವಳು ಒಪ್ಪಿದಳು. ಅಪ್ಪ ಮಗಳಿಗೆ ಹಚ್ಚಿದ ಬೈಗುಳ ಹೀಗೆ ನೀರಿಗೇ ಹೆಸರಾಯಿತು.

ಈಗ ಸರ್ಕಾರಿ ಕಾಗದದಲ್ಲಿ ಅದು ಶಾಂತಿಸಾಗರ. ಶಾಂತವ್ವನ ನೆನಪು ಉಳಿಯಿತು ಎನ್ನಬಹುದು. ಆದರೆ ಕತೆಯೊಳಗಿನ ಕರಾರು ನೆಲ ಬಿಟ್ಟುಕೊಟ್ಟವರ ಜೊತೆ ಆಗಿತ್ತು, ಮುರಿದದ್ದೂ ಅದೇ. ಸುತ್ತಲಿನ ಊರುಗಳ ಮಾತಿನಲ್ಲಿ ಮಾತ್ರ ಅದು ಇನ್ನೂ ಸೂಳೆಕೆರೆಯೇ.