ಕಾಗದದಲ್ಲಿ ಬಂದ ರೋಗಿ

1783ರ ಜೂನ್ 17, ಲಂಡನ್. ನಸುಕಿನ ಸುಮಾರು ಮೂರು ಗಂಟೆಗೆ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಎಚ್ಚರವಾಯಿತು. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದು ಹೆಸರಾದವನು ಈತ. ತಲೆಯಲ್ಲಿ ಏನೋ ಗೊಂದಲ. ಬುದ್ಧಿಯೇ ಕೆಟ್ಟಿತೇನೋ ಅಂತ ಹೆದರಿ, ಪರೀಕ್ಷೆಗೆಂದು ಲ್ಯಾಟಿನ್ ಪದ್ಯದಲ್ಲಿ ಒಂದು ಪ್ರಾರ್ಥನೆ ಕಟ್ಟಿ ನೋಡಿದ. ಪದ್ಯ ಅಷ್ಟಕ್ಕಷ್ಟೇ! ಆದರೆ ಅದು ಅಷ್ಟಕ್ಕಷ್ಟೇ ಅಂತ ತನಗೆ ಗೊತ್ತಾಗುತ್ತಿದೆಯಲ್ಲ, ಅಂದಮೇಲೆ ಬುದ್ಧಿ ನೆಟ್ಟಗಿದೆ ಅಂತ ಸಮಾಧಾನಪಟ್ಟುಕೊಂಡ. ಹೋಗಿದ್ದು ಮಾತು. ಲಕ್ವ ಹೊಡೆದಿತ್ತು.

ಸಾವಿರಾರು ಪದಗಳಿಗೆ ಅರ್ಥ ಬರೆದವನ ಬಾಯಲ್ಲಿ ಈಗ ಒಂದು ಪದವೂ ಇಲ್ಲ. ಬೆಳಗಾದ ಮೇಲೆ ಕಾಗದ ತೆಗೆದುಕೊಂಡ. ಕೈ ಒಂದು ಅಕ್ಷರ ಬರೆಯಹೋಗಿ ಇನ್ನೊಂದು ಬರೆಯುತ್ತಿತ್ತು. ಹಾಗೂ ಹೀಗೂ ಪಕ್ಕದ ಮನೆಯವನಿಗೊಂದು, ಗೆಳೆಯನಿಗೊಂದು ಚೀಟಿ ಬರೆದು ವೈದ್ಯರನ್ನು ಕರೆಸಿಕೊಂಡ. ಮುಂದಿನ ದಿನಗಳಲ್ಲಿ ಮಾತು ಬಹುಮಟ್ಟಿಗೆ ವಾಪಸ್ ಬಂತು.

ಈ ಕಥೆ ಯಾಕೆ ಹೇಳಿದೆ ಅಂದರೆ, ಆ ಕಾಲದಲ್ಲಿ ಕಾಯಿಲೆ ಮತ್ತು ಕಾಗದದ ನಂಟು ನಾವು ಅಂದುಕೊಂಡದ್ದಕ್ಕಿಂತ ಬಹಳ ಗಟ್ಟಿ. ಮುಂದೆ ಏನಾಯಿತು ನೋಡಿ.

ಅದೇ ಚಳಿಗಾಲದಲ್ಲಿ ಜಾನ್ಸನ್‌ಗೆ ಉಬ್ಬಸ ಶುರುವಾಯಿತು. ಕಾಲು, ತೊಡೆಗಳಲ್ಲಿ ನೀರು ತುಂಬಿ ಬಾವು ಬಂತು. ನಿಮ್ಮ ಊರಿನ ವೈದ್ಯರನ್ನು ಕೇಳಿ ನೋಡು ಅಂತ ಗೆಳೆಯ ಜೇಮ್ಸ್ ಬಾಸ್ವೆಲ್‌ಗೆ ಬರೆದ. ಬಾಸ್ವೆಲ್ ಇದ್ದದ್ದು ಸುಮಾರು 400 ಮೈಲಿ ದೂರದ ಎಡಿನ್‌ಬರೋದಲ್ಲಿ. ಲಂಡನ್ನಿನ ವೈದ್ಯ ಬ್ರಾಕಲ್ಸ್‌ಬಿ ಕೂಡ ರೋಗಿಯ ಸ್ಥಿತಿ ಬರೆದು ಕಳಿಸಿದ್ದ. ಎರಡನ್ನೂ ಸೇರಿಸಿ ಬಾಸ್ವೆಲ್ 1784ರ ಮಾರ್ಚ್ 7ರಂದು ಎಡಿನ್‌ಬರೋದ ಮೂವರು ಪ್ರಾಧ್ಯಾಪಕರಿಗೆ ಪತ್ರ ಬರೆದ. ಕಲೆನ್, ಹೋಪ್ ಮತ್ತು ಮನ್ರೋ.

ಆ ಪತ್ರ ಬಾಸ್ವೆಲ್ ಬರೆದ ಜಾನ್ಸನ್ ಜೀವನಚರಿತ್ರೆಯಲ್ಲಿ (1791) ಅಚ್ಚಾಗಿದೆ. ಓದಿದರೆ ಆಶ್ಚರ್ಯವಾಗುತ್ತೆ. ವಯಸ್ಸು 74, ಹಿಂದಿನ ಬೇಸಿಗೆಯಲ್ಲಿ ಲಕ್ವ, ಅದಕ್ಕೂ ಮುಂಚೆ ಕಫದ ಕೆಮ್ಮು, ಸ್ವಲ್ಪ ಥಂಡಿ ತಾಗಿದರೂ ಎದೆ ಬಿಗಿದು ಮಲಗಲಾಗದೆ ರಾತ್ರಿಯಿಡೀ ಕೂತೇ ಇರಬೇಕು, ಅಫೀಮಿನ ಔಷಧ ಕುಡಿದರಷ್ಟೇ ನಿದ್ದೆ.... ಹೀಗೆ ಒಂದೊಂದನ್ನೂ ಕ್ರಮವಾಗಿ ಬರೆದಿದ್ದಾನೆ. ಇದು ಫೀಸು ಕೊಟ್ಟು ಕೇಳುವ ಸಲಹೆಯಲ್ಲ ಅನ್ನೋದನ್ನೂ ಸೂಚಿಸಿದ್ದಾನೆ. ಮೂವರೂ ಆದರದಿಂದಲೇ ಸ್ಪಂದಿಸಿದರು.

ರೋಗಿಯ ನಾಡಿ ಹಿಡಿಯದೆ, ನಾಲಿಗೆ ನೋಡದೆ ಮದ್ದು ಹೇಳೋದಾ? ನಮಗೆ ಹಾಗನ್ನಿಸೋದು ಸಹಜ. ಆದರೆ ಎದುರಿಗೇ ಇದ್ದ ವೈದ್ಯ ಆಗ ಹೆಚ್ಚಿಗೆ ಏನು ಮಾಡುತ್ತಿದ್ದ ಹೇಳಿ? ಸ್ಟೆತಾಸ್ಕೋಪ್ ಬಂದದ್ದು 1816ರಲ್ಲಿ. ಎದೆಯನ್ನು ಬೆರಳಿಂದ ತಟ್ಟಿ ಸದ್ದು ಕೇಳುವ ವಿಧಾನವನ್ನು ವಿಯೆನ್ನಾದ ಆವೆನ್‌ಬ್ರುಗರ್ 1761ರಲ್ಲೇ ಪುಸ್ತಕ ಮಾಡಿದ್ದರೂ ಹೆಚ್ಚಿನವರು ಅದನ್ನು ತಲೆಗೆ ಹಾಕಿಕೊಂಡಿರಲಿಲ್ಲ. ನಾಡಿ ನೋಡಬಹುದಿತ್ತು, ಮುಖದ ಬಣ್ಣ, ಮೂತ್ರ ನೋಡಬಹುದಿತ್ತು. ಉಳಿದದ್ದೆಲ್ಲ ರೋಗಿ ಹೇಳಿದ ಕಥೆ. ಆ ಕಥೆ ಬಾಯಲ್ಲಿ ಬಂದರೇನು, ಕಾಗದದಲ್ಲಿ ಬಂದರೇನು?

ಮೂವರಲ್ಲಿ ವಿಲಿಯಂ ಕಲೆನ್‌ಗಂತೂ (1710-1790) ಇದು ದಿನನಿತ್ಯದ ಕೆಲಸ. ರೋಗಿಗಳು, ಅವರ ಮನೆಯವರು, ಹಳ್ಳಿಗಾಡಿನ ವೈದ್ಯರು ಎಲ್ಲರೂ ಅವನಿಗೆ ಬರೆಯುತ್ತಿದ್ದರು. ಎಷ್ಟೋ ರೋಗಿಗಳ ಮುಖವನ್ನು ಆತ ನೋಡಲೇ ಇಲ್ಲ. ಏನು ತಿನ್ನಬೇಕು, ಯಾವ ಬಟ್ಟೆ ಹಾಕಬೇಕು, ಎಷ್ಟು ಹೊತ್ತು ಕುದುರೆ ಸವಾರಿ ಮಾಡಬೇಕು ಅನ್ನೋವರೆಗೂ ಉತ್ತರ ಬರೆಯುತ್ತಿದ್ದ.

ನನ್ನಂಥ ಇಂಜಿನಿಯರ್‌ಗಳಿಗೆ ಇಷ್ಟವಾಗುವ ಭಾಗ ಈಗ ಬರುತ್ತೆ. ಕಲೆನ್ ತನ್ನ ಉತ್ತರಗಳ ನಕಲನ್ನೂ ಇಟ್ಟುಕೊಳ್ಳುತ್ತಿದ್ದ. ಮೊದಲು ಗುಮಾಸ್ತರು ಕೈಯಲ್ಲಿ ನಕಲು ತೆಗೆಯುತ್ತಿದ್ದರು. 1780ರಲ್ಲಿ ಜೇಮ್ಸ್ ವಾಟ್ (ಹೌದು, ಹಬೆ ಎಂಜಿನ್ನಿನ ವಾಟ್!) ಒಂದು ನಕಲು ಯಂತ್ರಕ್ಕೆ ಪೇಟೆಂಟ್ ಪಡೆದ. ವಿಶೇಷ ಶಾಯಿಯಲ್ಲಿ ಬರೆದ ಪತ್ರದ ಮೇಲೆ ಒದ್ದೆ ಮಾಡಿದ ತೆಳು ಕಾಗದ ಇಟ್ಟು ಒತ್ತಿದರೆ ಶಾಯಿ ಅದಕ್ಕೂ ಹತ್ತಿಕೊಳ್ಳುತ್ತಿತ್ತು. ಅಕ್ಷರ ತಿರುಗುಮುರುಗು. ಆದರೆ ಕಾಗದ ತೆಳುವಾದ್ದರಿಂದ ಹಿಂದಿನಿಂದ ನೋಡಿದರೆ ಸರಿಯಾಗಿ ಓದಬಹುದು. 1781ರಿಂದ ಕಲೆನ್ ಈ ಯಂತ್ರ ಬಳಸಿದ. ಹೀಗೆ ಪ್ರಶ್ನೆ, ಉತ್ತರ ಎರಡೂ ಉಳಿದವು. ಐದು ಸಾವಿರಕ್ಕೂ ಹೆಚ್ಚು ಕಾಗದಗಳು ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿವೆ. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಅವನ್ನು ಅಂತರಜಾಲಕ್ಕೂ ಏರಿಸಿದ್ದಾರೆ.

ಅದಿರಲಿ, ಇಷ್ಟೆಲ್ಲ ಪತ್ರಗಳಿಂದ ಜಾನ್ಸನ್‌ಗೆ ಏನು ಸಿಕ್ಕಿತು? ಬದುಕು ಸಿಗಲಿಲ್ಲ. ಕೊನೆಯ ದಿನಗಳಲ್ಲಿ, ಶಸ್ತ್ರವೈದ್ಯರು ಸಾಕಷ್ಟು ಆಳವಾಗಿ ಕುಯ್ಯುತ್ತಿಲ್ಲ ಅಂತ ಸಿಟ್ಟಾಗಿ, ನೀರು ಹೊರಗೆ ಹೋಗಲಿ ಅಂತ ತನ್ನ ಕಾಲನ್ನು ತಾನೇ ಕುಯ್ದುಕೊಂಡ. 1784ರ ಡಿಸೆಂಬರ್ 13ರಂದು ತೀರಿಕೊಂಡ. ಶವಪರೀಕ್ಷೆಯಲ್ಲಿ ಎದೆ ತೆರೆದರೂ ಶ್ವಾಸಕೋಶ ಕುಸಿಯದೆ ಉಬ್ಬಿಕೊಂಡೇ ಇತ್ತು. ಹೃದಯ ದೊಡ್ಡದಾಗಿತ್ತು. ಪತ್ರದಲ್ಲಿದ್ದ ಮಾತುಗಳು ಸುಳ್ಳಾಗಿರಲಿಲ್ಲ. ಎದೆ ಬಿಗಿತ, ಮಲಗಲಾಗದಿರುವುದು, ಕಾಲಿನ ಬಾವು, ಎಲ್ಲವೂ ಅಲ್ಲಿಗೇ ಬೆರಳು ತೋರಿಸುತ್ತಿದ್ದವು.

ಮರುವರ್ಷವೇ, 1785ರಲ್ಲಿ, ಬರ್ಮಿಂಗ್‌ಹ್ಯಾಮ್‌ನ ವೈದ್ಯ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲವ್ ಎಂಬ ಗಿಡದ ಬಗ್ಗೆ ಪುಸ್ತಕ ತಂದ. ಇಂಥದೇ ಬಾವಿಗೆ ಅದರ ಎಲೆಯಿಂದ ಗುಣವಾದದ್ದನ್ನು, ಆಗದೇ ಇದ್ದದ್ದನ್ನು ಎರಡನ್ನೂ ಬರೆದಿದ್ದ. ತಾನೇ ನೋಡಿದ 163 ಕೇಸುಗಳು, ಜೊತೆಗೆ ಬೇರೆ ವೈದ್ಯರು ಪತ್ರದಲ್ಲಿ ಬರೆದು ಕಳಿಸಿದವು. ಮುಂದೆ ಡಿಜಿಟಾಲಿಸ್ ಅಂತ ಹೃದಯದ ಔಷಧಿಯಾದದ್ದು ಇದೇ ಗಿಡ. ಬಾಸ್ವೆಲ್ ಪತ್ರದಲ್ಲಿ ಈ ಗಿಡದ ಹೆಸರಿಲ್ಲ. ಅಲ್ಲಿರೋದು ಸ್ಕ್ವಿಲ್ ಎಂಬ, ಈರುಳ್ಳಿಯ ಹಾಗಿರುವ ಗಡ್ಡೆಯ ವಿನೆಗರ್. ಸ್ಕ್ವಿಲ್‌ನಲ್ಲೂ ಹೃದಯದ ಮೇಲೆ ಕೆಲಸ ಮಾಡುವ ಅಂಥದೇ ಅಂಶಗಳಿವೆ ಅನ್ನೋದು ಆಮೇಲೆ ತಿಳಿದ ವಿಷಯ.

ಫಾಕ್ಸ್‌ಗ್ಲವ್ ಕೊಟ್ಟಿದ್ದರೆ ಜಾನ್ಸನ್ ಬದುಕುತ್ತಿದ್ದ ಅಂತ ನಾನು ಹೇಳ್ತಿಲ್ಲ. ನನಗೆ ಕಾಣೋದು ಇಷ್ಟು: ಬಾಸ್ವೆಲ್‌ನಂಥವರ ಪತ್ರ ಒಬ್ಬ ರೋಗಿಯನ್ನು ಪೂರ್ತಿಯಾಗಿ ಹಿಡಿದಿಡುತ್ತಿತ್ತು. ಅವನ ನಿದ್ದೆ, ಹೆದರಿಕೆ, ಊಟ ಎಲ್ಲ ಅದರಲ್ಲಿ. ಆದರೆ ಒಂದೇ ಪತ್ರ ಎಷ್ಟೇ ಚೆನ್ನಾಗಿದ್ದರೂ ಯಾವ ಮದ್ದು ನಿಜಕ್ಕೂ ಕೆಲಸ ಮಾಡುತ್ತೆ ಅಂತ ಹೇಳಲಾರದು. ಅದಕ್ಕೆ ನೂರಾರು ರೋಗಿಗಳ ಕಥೆಯನ್ನು, ಸೋತದ್ದನ್ನೂ ಬಿಡದೆ, ಒಂದೇ ಕಡೆ ಹರಡಿ ನೋಡಬೇಕು. ವಿದರಿಂಗ್ ಮಾಡಿದ್ದು ಅದನ್ನೇ.

ಈಗ ನಾವು ಸ್ಕ್ಯಾನ್ ರಿಪೋರ್ಟನ್ನು ವಾಟ್ಸಾಪ್‌ನಲ್ಲಿ ದೂರದೂರಿನ ಡಾಕ್ಟರ್ ನೆಂಟರಿಗೆ ಕಳಿಸಿ "ಸ್ವಲ್ಪ ನೋಡಿ ಹೇಳಿ" ಅಂತೀವಿ. ರಿಪೋರ್ಟಿನಲ್ಲಿ ಸಂಖ್ಯೆಗಳಿರುತ್ತವೆ, ಚಿತ್ರ ಇರುತ್ತೆ. ರಾತ್ರಿಯೆಲ್ಲ ಕೂತೇ ಇದ್ದರು ಅನ್ನೋ ಸಾಲು ಇರೋಲ್ಲ. ಜೊತೆಗೆ ಅದನ್ನೂ ನಾಲ್ಕು ಸಾಲು ಬರೆದು ಕಳಿಸಿದರೆ ಒಳ್ಳೇದೇನೋ ಅನ್ನಿಸುತ್ತೆ.

ಅಂದ ಹಾಗೆ, ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ಅಜ್ಜಿಯ ಉಬ್ಬಸ, ಅತ್ತೆಯ ಬಾಣಂತನ, ತಾತನ ಕಾಲುನೋವು ಅಂತೆಲ್ಲ ಬರೆದ ಇನ್‌ಲ್ಯಾಂಡ್ ಲೆಟರುಗಳು ಇದ್ದರೆ ದಯವಿಟ್ಟು ಎಸೆಯಬೇಡಿ. ಕಲೆನ್ ಕಾಗದಗಳು ಉಳಿದದ್ದು ಯಾರೂ ಎಸೆಯಲಿಲ್ಲ ಅನ್ನೋ ಕಾರಣಕ್ಕೇ.